ಹಳೇ ಮನೆಯ ಸಾಮಾನಿಗೆ ಒಟ್ಟು ರೇಟು ಒಪ್ಪುವ ಮೊದಲು

ಅಕ್ಕಾ, ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಸಾಗರದ ಹತ್ತಿರದ ಅಪ್ಪನ ಮನೆ ಪಾಲಾಗುತ್ತಿದೆ. ತಮ್ಮಂದಿರಿಗೆ ಹಳೇ ಸಾಮಾನು ಬೇಡ. ವ್ಯಾಪಾರಿಯೊಬ್ಬರು ಬಂದು ಬೀಟೆ ಮಂಚ, ದುಂಡು ಮೇಜು, ಈಜಿ ಚೇರು, ಹಿತ್ತಾಳೆ ಪಟ್ಟಿಯ ಪೆಟ್ಟಿಗೆ, ತೂಗುಮಂಚ ಎಲ್ಲಕ್ಕೂ ಸೇರಿಸಿ ಒಂದೇ ರೇಟು ಹೇಳಿದ್ದಾರೆ. ಭಾನುವಾರ ಅಡ್ವಾನ್ಸ್ ತರುತ್ತಾರಂತೆ. ಒಪ್ಪಬಹುದಾ ಅಂತ ಕೇಳಿದ್ದೀರಿ. ಅಡ್ವಾನ್ಸ್ ಸದ್ಯಕ್ಕೆ ಮುಟ್ಟಬೇಡಿ.

ಒಟ್ಟು ರೇಟು ಹೇಳುವವರ ಕಣ್ಣು ಸಾಮಾನ್ಯವಾಗಿ ಒಂದೋ ಎರಡೋ ಸಾಮಾನಿನ ಮೇಲೆ ಇರುತ್ತದೆ. ಯಾವುದರ ಮೇಲೆ ಅಂತ ಬಾಯಿ ಬಿಡುವುದಿಲ್ಲ. ಅದನ್ನು ತಿಳಿಯೋದು ಸುಲಭ. ‘ಮಂಚ ನಾವೇ ಇಟ್ಟುಕೊಳ್ಳುತ್ತೇವೆ, ಉಳಿದದ್ದಕ್ಕೆ ಎಷ್ಟು ಕೊಡ್ತೀರಿ?’ ಅಂತ ಕೇಳಿ. ಸ್ವಲ್ಪ ಹೊತ್ತು ಬಿಟ್ಟು, ‘ಮಂಚ ತಗೊಳ್ಳಿ, ಪೆಟ್ಟಿಗೆ ಕೊಡಲ್ಲ’ ಅನ್ನಿ. ಯಾವುದನ್ನು ತೆಗೆದಾಗ ರೇಟು ದಬಕ್ಕನೆ ಬೀಳುತ್ತದೋ ಅದೇ ಅವರಿಗೆ ಬೇಕಾದ ಸಾಮಾನು.

ಅವರು ಬರುವ ಮೊದಲು ನಿಮ್ಮ ಕೈಯಲ್ಲಿ ಒಂದು ಕನಿಷ್ಠ ಲೆಕ್ಕ ಇರಲಿ. ಅದು ಬರೀ ಮರದ ಬೆಲೆ. ಟೇಪು ಹಿಡಿದು ಘನ ಅಡಿ ಲೆಕ್ಕ ಹಾಕಿ. 3 ಇಂಚು ಅಗಲ, 3 ಇಂಚು ದಪ್ಪ, 7 ಅಡಿ ಉದ್ದದ ಮಂಚದ ಕಂಬ ಅಂದರೆ ಕಾಲು ಅಡಿ ಗುಣಿಸು ಕಾಲು ಅಡಿ ಗುಣಿಸು 7. ಹತ್ತಿರ ಹತ್ತಿರ 0.44 ಘನ ಅಡಿ. ನಾಲ್ಕು ಕಂಬಕ್ಕೆ 1.75. ಕಡೆದ ಕಂಬವಾದರೆ ಇದಕ್ಕಿಂತ ಕಡಿಮೆ ಹಿಡಿಯಿರಿ. ಪಟ್ಟಿ, ಹಲಗೆ ಎಲ್ಲ ಹೀಗೇ ಕೂಡಿಸಿ, ಊರಿನ ಮರದ ಡಿಪೋದಲ್ಲಿ ಹಳೇ ಮರಕ್ಕೆ ಇವತ್ತು ಏನು ರೇಟು ಅಂತ ವಿಚಾರಿಸಿ. ಇದಕ್ಕಿಂತ ಕಡಿಮೆಗೆ ಯಾರು ಕೇಳಿದರೂ ಮಾತು ಮುಂದುವರಿಸಬೇಡಿ. ಹಾಗಂತ ಬಿಚ್ಚಿ ಮರವಾಗಿ ಮಾರಲು ಹೋಗಬೇಡಿ. ಬೀಟೆಯನ್ನು ಬಿಡಿ ಮರವಾಗಿ ಸಾಗಿಸುವುದಾದರೆ ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳಬೇಕು. ಮಾಡಿದ ಕೆಲಸದ ಬೆಲೆಯೂ ಅಲ್ಲಿಗೆ ಹೋಯಿತು.

ಇನ್ನು ವಯಸ್ಸು. ‘ಅಜ್ಜನ ಕಾಲದ್ದು’ ಅನ್ನುವ ಮಾತಿಗೆ ಯಾರೂ ದುಡ್ಡು ಕೊಡುವುದಿಲ್ಲ. ಆದರೆ ಸಾಮಾನೇ ಹೇಳುತ್ತದೆ. ದುಂಡು ಮೇಜಿನಿಂದ ಶುರು ಮಾಡಿ. ಮೇಲ್ಹಲಗೆಯ ಅಗಲವನ್ನು ಮರದ ಎಳೆಯ ಉದ್ದಕ್ಕೆ ಒಂದು ಸಲ, ಎಳೆಗೆ ಅಡ್ಡಲಾಗಿ ಒಂದು ಸಲ ಅಳೆಯಿರಿ. ಮರ ಒಣಗುತ್ತಾ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಹೆಚ್ಚುಕಮ್ಮಿ ಕುಗ್ಗುವುದೇ ಇಲ್ಲ. ಗಟ್ಟಿ ಹಲಗೆಯ ಹಳೇ ಮೇಜು ಕಣ್ಣಿಗೆ ದುಂಡಗೇ ಕಂಡರೂ ಟೇಪಿನಲ್ಲಿ ಕೆಲವು ಮಿಲಿಮೀಟರ್ ವ್ಯತ್ಯಾಸ ಸಿಗುತ್ತದೆ. ಎರಡೂ ಕಡೆ ಒಂದೇ ಅಳತೆ ಬಂದರೆ ಹಲಗೆ ಇತ್ತೀಚಿನದೋ, ಪ್ಲೈವುಡ್ಡೋ ಅಂತ ಅನುಮಾನ ಪಡಿ.

ಆಮೇಲೆ ಮೇಜನ್ನು ಮಗುಚಿ ಹಾಕಿ. ಅಡಿಭಾಗಕ್ಕೆ ಯಾರೂ ಅಲಂಕಾರ ಮಾಡಿರುವುದಿಲ್ಲ, ಹಾಗಾಗಿ ಅಲ್ಲಿ ಸುಳ್ಳು ಕಡಿಮೆ. ಅರ್ಧಚಂದ್ರಾಕಾರದ ಗೀರುಗಳಿದ್ದರೆ ಅದು ಯಂತ್ರದ ಚಕ್ರಗರಗಸದ್ದು. ನೇರವಾದ, ಹತ್ತಿರ ದೂರ ಸಮ ಇಲ್ಲದ ಗೀರಾದರೆ ಕೈಗರಗಸದ್ದು ಇರಬಹುದು. ಸ್ಕ್ರೂ ನೋಡಿ. ಕೈಯಲ್ಲಿ ಮಾಡಿದ ಹಳೇ ಸ್ಕ್ರೂವಿನ ತಲೆಯ ಗೆರೆ ನಡುಮಧ್ಯದಲ್ಲಿ ಇರುವುದಿಲ್ಲ, ತುದಿಯೂ ಮೊಂಡು. ಚೂಪು ತುದಿಯ ಯಂತ್ರದ ಸ್ಕ್ರೂ 1840ರ ದಶಕದ ನಂತರ ಬಂದದ್ದು. ತಲೆಯ ಮೇಲೆ ಪ್ಲಸ್ ಗುರುತು ಇದ್ದರೆ ಅದು 1930ರ ದಶಕಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಒಂದು ಸ್ಕ್ರೂ ಹೊಸದಿದ್ದರೆ ಗಾಬರಿ ಬೇಡ, ಯಾರೋ ರಿಪೇರಿ ಮಾಡಿದ್ದಾರೆ ಅಷ್ಟೆ. ಎಲ್ಲವೂ ಪ್ಲಸ್ ಆದರೆ ವಿಷಯ ಬೇರೆ. ತುಕ್ಕು ಹಿಡಿದು ಕೂತದ್ದನ್ನು ಮಾತ್ರ ತಿರುಗಿಸಲು ಹೋಗಬೇಡಿ, ತಲೆ ಮುರಿಯುತ್ತದೆ.

ಪೆಟ್ಟಿಗೆಯ ಹಿತ್ತಾಳೆ ಪಟ್ಟಿ, ಬೀಗದ ಚಿಲಕ ಮೊದಲಿನದೇನಾ ಅಂತ ನೋಡಬೇಕು. ಪಟ್ಟಿಯ ಸುತ್ತ ಮುಚ್ಚಿದ ಮೊಳೆ ತೂತು, ಬೇರೆ ಆಕಾರದ ಕಪ್ಪು ನೆರಳು ಕಂಡರೆ ಬದಲಾಯಿಸಿದ್ದಾರೆ. ಈಜಿ ಚೇರಿನ ಬೆತ್ತ ಹರಿದಿದ್ದರೆ ಚಿಂತೆ ಇಲ್ಲ, ಬೆತ್ತ ಹೆಣೆಸಬಹುದು. ಕಾಲು ಕತ್ತರಿಸಿ ಗಿಡ್ಡ ಮಾಡಿದ್ದರೆ ಬೆಲೆ ಇಳಿಯುತ್ತದೆ. ಕುಟ್ಟೆ ಹುಳದ ತೂತಿನ ಕೆಳಗೆ ಹೊಸ ಹುಡಿ ಬೀಳುತ್ತಿದ್ದರೆ ಆ ಸಾಮಾನನ್ನು ಇವತ್ತೇ ಬೇರೆ ಕಡೆ ಇಡಿ.

ಬೀಟೆ ಅಂತ ಮನೆಯಲ್ಲಿ ಹೇಳುತ್ತಾ ಬಂದದ್ದೆಲ್ಲ ಬೀಟೆ ಆಗಿರುವುದಿಲ್ಲ. ಬೇರೆ ಮರಕ್ಕೆ ಕಪ್ಪು ಬಣ್ಣ ಕೊಟ್ಟಿರುವುದೂ ಉಂಟು. ಕಾಣದ ಜಾಗದಲ್ಲಿ ಚೂರು ಕೆರೆದರೆ ಒಳಗೂ ನೇರಳೆ ಮಿಶ್ರಿತ ಕಂದು, ಕಪ್ಪು ಗೆರೆ ಇರಬೇಕು. ಹಳದಿ ಬಂತೋ, ಹಲಸು ಇರಬಹುದು. ಅದೂ ಒಳ್ಳೆಯ ಮರವೇ, ಬೆಲೆ ಮಾತ್ರ ಬೇರೆ.

ದಯವಿಟ್ಟು ಪಾಲಿಶ್ ಮಾಡಿಸಬೇಡಿ. ತಮ್ಮ ‘ಸ್ವಲ್ಪ ಮಿಂಚಿಸಿದರೆ ಜಾಸ್ತಿ ಸಿಗುತ್ತೆ’ ಅಂತಾರೆ ಅಂತ ಬರೆದಿದ್ದೀರಿ. ಮರಳು ಕಾಗದದಲ್ಲಿ ಉಜ್ಜಿ ಹೊಳೆಯುವ ವಾರ್ನಿಶ್ ಬಳಿದರೆ ತಿಳಿದವರು ಕೊಡುವ ಬೆಲೆ ಅಲ್ಲೇ ಕುಸಿಯುತ್ತದೆ. ಹಿತ್ತಾಳೆಗೆ ಹುಣಸೆಹಣ್ಣು ಹಾಕಿ ತಿಕ್ಕುವುದೂ ಬೇಡ. ಒಣ ಬಟ್ಟೆಯಲ್ಲಿ ಧೂಳು ಒರೆಸಿ, ಸಾಕು.

ಮರದ ಬೆಲೆಗಿಂತ ಮೇಲೆ ಎಷ್ಟು ಅನ್ನುವುದನ್ನು ನಿರ್ಧರಿಸುವುದು ಸಾಮಾನಿನ ಹಿನ್ನೆಲೆ. ಚಂಡೀಗಢದ ಸರ್ಕಾರಿ ಕಚೇರಿಗಳಿಗೆ 1950ರ ದಶಕದಲ್ಲಿ ವಾಸ್ತುಶಿಲ್ಪಿ ಪಿಯರ್ ಜೀನರೆ ಮಾಡಿಸಿದ ತೇಗ ಮತ್ತು ಬೆತ್ತದ ಕುರ್ಚಿಗಳ ಕಥೆ ನೋಡಿ. ಮುರಿದವು ಅಂತ ಗುಜರಿ ಲೆಕ್ಕದಲ್ಲಿ ಹರಾಜಾದವು. ಅವೇ ಕುರ್ಚಿಗಳು ಆಮೇಲೆ ವಿದೇಶದ ಹರಾಜಿನಲ್ಲಿ ಲಕ್ಷಗಟ್ಟಲೆಗೆ ಹೋದವು. ಯಾವ ಕಚೇರಿಯದು ಅಂತ ಬಣ್ಣದಲ್ಲಿ ಬರೆದ ಅಕ್ಷರ, ನಂಬರೇ ಅಲ್ಲಿ ಸಾಕ್ಷಿ. ನಮ್ಮ ಮನೆಯ ಮಂಚಕ್ಕೆ ಅಷ್ಟು ಬರುವುದಿಲ್ಲ ಬಿಡಿ. ಆದರೆ ಅಪ್ಪನ ಲೆಕ್ಕದ ಪುಸ್ತಕದಲ್ಲಿ ಬಡಗಿಗೆ ಕೊಟ್ಟ ಕೂಲಿ ಬರೆದಿದ್ದರೆ, ಹಳೇ ಮದುವೆ ಫೋಟೋದಲ್ಲಿ ಆ ಕುರ್ಚಿ ಕಂಡರೆ, ಅಡಿಯಲ್ಲಿ ಕಂಪನಿಯ ಚೀಟಿ ಅಂಟಿದ್ದರೆ, ಅದನ್ನೆಲ್ಲ ಫೋಟೋ ತೆಗೆದಿಡಿ. ಮರ ಬಗ್ಗಿಸಿ ಮಾಡಿದ ಕುರ್ಚಿ ಮನೆಯಲ್ಲಿ ಇದ್ದರೆ ಕೂರುವ ಚೌಕಟ್ಟಿನ ಒಳಮೈ ನೋಡಿ. ಥೋನೆಟ್ (ಅಂಥ ಕುರ್ಚಿಗೆ ಹೆಸರಾದ ಯುರೋಪಿನ ಕಂಪನಿ) ಅಂತ ಮುದ್ರೆಯೋ ಚೀಟಿಯೋ ಸಿಕ್ಕರೆ ಅದನ್ನು ಗುಂಪಿನಿಂದ ಬೇರೆ ತೆಗೆದಿಡಿ.

ಆನ್‌ಲೈನ್‌ನಲ್ಲಿ ಹಾಕಿರುವ ರೇಟು ನೋಡಿ ಆಸೆ ಪಡಬೇಡಿ. ಅದು ಕೇಳುವ ಬೆಲೆ, ಮಾರಾಟವಾದ ಬೆಲೆಯಲ್ಲ. ಕೊಚ್ಚಿಯ ಜ್ಯೂ ಟೌನ್‌ನಲ್ಲೋ, ತಮಿಳುನಾಡಿನ ಕಾರೈಕುಡಿಯಲ್ಲೋ ಹಳೇ ಸಾಮಾನಿನ ಅಂಗಡಿಯವರು ಹೇಳುವ ರೇಟಿನಲ್ಲಿ ಲಾರಿ ಬಾಡಿಗೆ, ರಿಪೇರಿ, ಮಾರಾಟವಾಗದೆ ನಿಂತ ತಿಂಗಳುಗಳ ಗೋದಾಮಿನ ಖರ್ಚು ಎಲ್ಲ ಇರುತ್ತದೆ. ಮನೆಬಾಗಿಲಿಗೆ ಬರುವ ವ್ಯಾಪಾರಿ ಅದಕ್ಕಿಂತ ಬಹಳ ಕಡಿಮೆ ಕೊಡುವುದು ಮೋಸ ಅಲ್ಲ. ಇನ್ನೊಂದು ಮಾತು. ದೊಡ್ಡ ಕಂಬದ ಮಂಚ ಎಷ್ಟೇ ಚೆಂದ ಇದ್ದರೂ ಅಪಾರ್ಟ್‌ಮೆಂಟ್ ಲಿಫ್ಟಿಗೆ ಹಿಡಿಸುವುದಿಲ್ಲ. ನನ್ನ ಅಂದಾಜಿನಲ್ಲಿ ನಿಮ್ಮ ಪಟ್ಟಿಯಲ್ಲಿ ಬೇಗ ಹೋಗುವುದು ಪೆಟ್ಟಿಗೆ ಮತ್ತು ಈಜಿ ಚೇರು.

ಕಾನೂನು ಸ್ವಲ್ಪ ಗಮನಿಸಿ. ನೂರು ವರ್ಷ ದಾಟಿದ ಕುಶಲ ಕೆಲಸದ ವಸ್ತು 1972ರ ಪುರಾತನ ವಸ್ತುಗಳ ಕಾಯ್ದೆಯ ಅಡಿ ಬರಬಹುದು. ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಬೀಟೆಗೆ ಸೈಟಿಸ್ (ಅಪಾಯದಲ್ಲಿರುವ ಪ್ರಾಣಿ, ಗಿಡಮರಗಳ ವಿದೇಶಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ನಿಯಮ ಬೇರೆ ಇದೆ. ಹಾಗಾಗಿ ‘ಫಾರಿನ್ ಪಾರ್ಟಿ ರೆಡಿ ಇದ್ದಾರೆ’ ಅನ್ನುವ ಮಾತಿಗೆ ಬೀಳಬೇಡಿ. ಮೈಸೂರಿನ ಇನ್‌ಲೇ ಕೆಲಸದ, ಅಂದರೆ ಮರದಲ್ಲಿ ಬೇರೆ ಬಣ್ಣದ ತುಂಡು ಕೂರಿಸಿ ಚಿತ್ರ ಮಾಡಿದ ಸಾಮಾನಿದ್ದರೆ ಬಿಳಿ ಭಾಗ ಏನು ಅಂತ ಭೂತಗನ್ನಡಿಯಲ್ಲಿ ನೋಡಿ. ಮೂಳೆಯಲ್ಲಿ ಸಣ್ಣ ಕಪ್ಪು ಚುಕ್ಕಿ ಕಾಣುತ್ತವೆ, ದಂತದಲ್ಲಿ ಒಂದರ ಮೇಲೊಂದು ಹಾದ ಸಣ್ಣ ಗೆರೆ. ದಂತ ಅಂತ ಅನುಮಾನ ಬಂದರೂ ಮಾರಾಟದ ಮಾತೇ ಬೇಡ, ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ವಕೀಲರನ್ನು ಕೇಳಿ.

ನಿಮ್ಮ ತಮ್ಮಂದಿರ ವಿಷಯ. ಮಾರುವ ಮೊದಲು ಮೂವರೂ ಕೂತು, ಪ್ರತಿ ಸಾಮಾನಿಗೆ ‘ನಾನೇ ಇಟ್ಟುಕೊಂಡರೆ ಇಷ್ಟು ಕೊಡುತ್ತೇನೆ’ ಅಂತ ಒಬ್ಬರಿಗೊಬ್ಬರು ತೋರಿಸದೆ ಚೀಟಿಯಲ್ಲಿ ಬರೆಯಿರಿ. ಹೊರಗಿನ ರೇಟಿಗಿಂತ ಯಾರದ್ದಾದರೂ ಜಾಸ್ತಿ ಇದ್ದರೆ ಸಾಮಾನು ಅವರಿಗೆ, ದುಡ್ಡು ಪಾಲಿಗೆ. ‘ಬೇಡ’ ಅಂದವರೇ ಚೀಟಿಯಲ್ಲಿ ದೊಡ್ಡ ಮೊತ್ತ ಬರೆಯುವುದನ್ನು ನೋಡಿದ್ದೇನೆ.

ಭಾನುವಾರ ಅವರು ಬಂದರೆ ಕಾಫಿ ಕೊಡಿ, ‘ಒಂದೊಂದಕ್ಕೂ ಬೇರೆ ರೇಟು ಬರೆದು ಕೊಡಿ, ಇನ್ನಿಬ್ಬರು ವ್ಯಾಪಾರಿಗಳಿಗೆ ತೋರಿಸಿ ಹೇಳುತ್ತೇವೆ’ ಅನ್ನಿ. ಅಷ್ಟರೊಳಗೆ ಇಲ್ಲಿ ಫೋಟೋ ಹಾಕಿ. ಮೇಜಿನ ಅಡಿ, ಪೆಟ್ಟಿಗೆಯ ಒಳಮೈ, ಮಂಚದ ಕಂಬ ಮತ್ತು ಪಟ್ಟಿ ಕೂಡುವ ಜಾಗ, ಒಂದೆರಡು ಸ್ಕ್ರೂ ಹತ್ತಿರದಿಂದ. ಟೇಪು ಪಕ್ಕದಲ್ಲಿಟ್ಟು ಹಗಲು ಬೆಳಕಲ್ಲಿ ತೆಗೆಯಿರಿ, ಫ್ಲಾಶ್ ಬೇಡ.