ಮೊದಲ ಮೂತ್ರ ಚೆಲ್ಲಿದ್ದು ಯಾಕೆ?

ಪ್ರಶ್ನೆ: ನನ್ನ ಮಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕೆಲಸದಲ್ಲಿದ್ದಾನೆ. ಪಾರ್ಟಿ ಮುಗಿಸಿ ಕಾರು ಓಡಿಸಿಕೊಂಡು ಬರುವಾಗ ಪೊಲೀಸರು ಹಿಡಿದರು. ಸ್ಟೇಷನ್ನಿನಲ್ಲಿ ಉಸಿರು ಪರೀಕ್ಷಿಸುವ ಯಂತ್ರ ಕೆಟ್ಟಿತ್ತಂತೆ. ಎರಡು ಸಲ ಮೂತ್ರ ತೆಗೆದುಕೊಂಡು, ಮೊದಲನೆಯದನ್ನು ಚೆಲ್ಲಿಬಿಟ್ಟರಂತೆ. ಎರಡನೆಯದರಲ್ಲಿ ಆಲ್ಕೋಹಾಲ್ 118 ಬಂದಿದೆ. ಚೆಲ್ಲಿದ್ದರಲ್ಲಿ ಕಡಿಮೆ ಇದ್ದಿರಬಹುದಲ್ವಾ? ಇದೇ ಕಾರಣಕ್ಕೆ ಕೇಸು ಬಿದ್ದುಹೋಗುತ್ತದೆಯೇ?
– ಒಬ್ಬ ತಾಯಿ, ಹಾಸನ

ಉತ್ತರ: ಇಲ್ಲಮ್ಮಾ, ಆ ಕಾರಣಕ್ಕೆ ಬೀಳುವುದಿಲ್ಲ. ಚೆಲ್ಲಿದ್ದು ತಪ್ಪಲ್ಲ. ಅಲ್ಲಿನ 1988ರ ರಸ್ತೆ ಸಂಚಾರ ಕಾಯ್ದೆಯ 7ನೇ ಕಲಂ ಹೇಳುವುದೇ ಹಾಗೆ: ಪೊಲೀಸರು ಕೇಳಿದ ಒಂದು ಗಂಟೆಯೊಳಗೆ, ಮೊದಲು ಒಮ್ಮೆ ಮೂತ್ರ ಕೊಟ್ಟಾದ ಮೇಲೆ, ಇನ್ನೊಮ್ಮೆ ಕೊಡಬೇಕು. ಆ ಎರಡನೆಯದೇ ಸಾಕ್ಷಿ. ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಂತ ಮೂತ್ರ ಹಿಂದಿನ ಹೊತ್ತಿನ ಕಥೆ ಹೇಳುತ್ತದೆ. ಸಂಪಿನ ಹಳೇ ನೀರು ಹೊರಗೆ ಹಾಕಿ ಹೊಸ ನೀರು ಹಿಡಿದ ಹಾಗೆ ಇದು. ಮೊದಲನೆಯದರಲ್ಲಿ ಕಡಿಮೆಯೂ ಇದ್ದಿರಬಹುದು, ಜಾಸ್ತಿಯೂ ಇದ್ದಿರಬಹುದು. ಕಾನೂನಿಗೆ ಎರಡೂ ಲೆಕ್ಕಕ್ಕಿಲ್ಲ.

ಇಂಗ್ಲೆಂಡಿನಲ್ಲಿ ಮಿತಿ 100 ಮಿಲಿಲೀಟರ್ ಮೂತ್ರಕ್ಕೆ 107 ಮಿಲಿಗ್ರಾಂ ಆಲ್ಕೋಹಾಲ್. ಅದೇ ಸ್ಕಾಟ್ಲೆಂಡಿನಲ್ಲಿ 67. ನಮ್ಮಲ್ಲಿ ಈ ಗೊಡವೆಯೇ ಇಲ್ಲ. ನಮ್ಮ ಮೋಟಾರು ವಾಹನ ಕಾಯ್ದೆಯ 204ನೇ ಕಲಂ ಲ್ಯಾಬ್ ಪರೀಕ್ಷೆಗೆ ಕೇಳುವುದು ರಕ್ತವನ್ನು.

ನಾನು ಅಲ್ಲಿ ಸಾಲಿಸಿಟರ್ ಆಗಿದ್ದಾಗ, ಮೂತ್ರದ ಕೇಸು ಬಂದರೆ ಮೊದಲು ಕೈಗೆತ್ತಿಕೊಳ್ಳುತ್ತಿದ್ದದ್ದು ಎಂಜಿ ಡಿಡಿ/ಬಿ ಎಂಬ ಫಾರಂ. ರಕ್ತ, ಮೂತ್ರ ತೆಗೆದ ವಿವರವೆಲ್ಲ ಅದರಲ್ಲೇ ಇರುತ್ತದೆ. ಮಗನ ವಕೀಲರಿಗೆ ಅದರ ಪ್ರತಿ ಸಿಗಬೇಕು. ಕೇಳಿದ್ದು ಎಷ್ಟು ಗಂಟೆಗೆ, ಮೊದಲನೆಯದು ಎಷ್ಟಕ್ಕೆ, ಎರಡನೆಯದು ಎಷ್ಟಕ್ಕೆ, ಒಂದೊಂದೇ ಸಮಯ ನೋಡಲಿ. ಸ್ಟೇಷನ್ನಿನಲ್ಲಿ ಯಂತ್ರ ಚೆನ್ನಾಗಿದ್ದರೆ ಸುಮ್ನೆ ಮೂತ್ರ ಕೇಳುವ ಹಾಗಿಲ್ಲ. ಹಾಗಾಗಿ ಯಂತ್ರ ಕೆಟ್ಟಿತ್ತು ಅಂತ ಬರೆದಿದ್ದಾರೆಯೇ ನೋಡಬೇಕು. ಕೊಡದಿದ್ದರೆ ಅದೇ ಬೇರೆ ಕೇಸಾಗುತ್ತದೆ ಎಂದು ಎಚ್ಚರಿಸಿದ್ದರೋ ಇಲ್ಲವೋ, ಅದೂ ಮುಖ್ಯ. ರಕ್ತ ಬೇಕೋ ಮೂತ್ರ ಬೇಕೋ ಎಂಬುದು ಮಾತ್ರ ಪೊಲೀಸರ ಆಯ್ಕೆ, ಅಲ್ಲಿ ಜಗಳ ಬೇಡ.

ಇನ್ನೊಂದು ಮಾತು ನಿಮ್ಮ ಮಗನಿಗೇ ಕೇಳಿ. ಆ ಹೊತ್ತಿನಲ್ಲಿ ಅವನು 'ನನಗೂ ಒಂದು ಭಾಗ ಕೊಡಿ' ಅಂದಿದ್ದನೇ? ಹಾಗೆ ಕೇಳಿದ್ದರೆ ಮೂತ್ರವನ್ನು ಅಲ್ಲೇ ಎರಡು ಪಾಲು ಮಾಡಿ ಒಂದನ್ನು ಕೊಡಲೇಬೇಕು. ಕೊಡದೇ ಹೋದರೆ ಆ 118 ಅನ್ನು ಕೋರ್ಟಿನಲ್ಲಿ ಹೇಳುವಂತೆಯೇ ಇಲ್ಲ. ಕೊಟ್ಟಿದ್ದರೆ, ಆ ಸೀಲು ಮಾಡಿದ ಬಾಟಲಿ ಈಗ ಎಲ್ಲಿದೆ? ಕೋಟಿನ ಜೇಬಿನಲ್ಲೋ ಕಾರಿನ ಡ್ಯಾಶ್‌ಬೋರ್ಡಿನಲ್ಲೋ ಮರೆತಿದ್ದರೆ ಇವತ್ತೇ ಹುಡುಕಿ ಫ್ರಿಜ್ಜಿಗೆ ಇಡಲಿ, ಸೀಲು ಒಡೆಯದೆ. ಖಾಸಗಿ ಲ್ಯಾಬಿನಲ್ಲಿ ಬೇಗ ಪರೀಕ್ಷೆ ಮಾಡಿಸಲಿ. ಅವನಿಗೆ ಸಕ್ಕರೆ ಕಾಯಿಲೆ ಇದ್ದರೆ ವಕೀಲರಿಗೆ ತಪ್ಪದೆ ತಿಳಿಸಿ. ಮೂತ್ರದಲ್ಲಿ ಸಕ್ಕರೆಯೂ ಯೀಸ್ಟೂ ಸೇರಿದರೆ ಬಾಟಲಿಯಲ್ಲೇ ಹುಳಿತು ಆಲ್ಕೋಹಾಲ್ ಹುಟ್ಟಬಹುದು. ಅದನ್ನು ತಡೆಯಲೆಂದೇ ಸೋಡಿಯಂ ಫ್ಲೋರೈಡ್ ಹಾಕುತ್ತಾರೆ. ಹಾಕಿದ್ದರೇ ಎಂದು ವಕೀಲರು ವಿಚಾರಿಸಲಿ.

ಇದೆಲ್ಲ ಸರಿಯಾಗಿ ನಡೆದಿದ್ದರೆ ತಪ್ಪೊಪ್ಪಿಕೊಳ್ಳುವುದೇ ಒಳ್ಳೆಯದು. ಬೇಗ ಒಪ್ಪಿದರೆ ಶಿಕ್ಷೆ ತಗ್ಗುತ್ತದೆ. ಕಡೇಪಕ್ಷ 12 ತಿಂಗಳು ಲೈಸೆನ್ಸ್ ಹೋಗುತ್ತದೆ. ಕೋರ್ಟು ಅವಕಾಶ ಕೊಟ್ಟರೆ, ಕುಡಿದು ಓಡಿಸಿದವರಿಗಾಗಿ ಇರುವ ಕೋರ್ಸು ಮುಗಿಸಿ ಅದರಲ್ಲಿ ಕಾಲು ಭಾಗದವರೆಗೆ ಕಡಿಮೆ ಮಾಡಿಸಿಕೊಳ್ಳಬಹುದು. ವಕೀಲರನ್ನು ಇನ್ನೂ ಹಿಡಿದಿಲ್ಲವಾದರೆ, ಮೊದಲ ದಿನ ಕೋರ್ಟಿಗೆ ಸ್ವಲ್ಪ ಮುಂಚೆಯೇ ಹೋಗಿ ಡ್ಯೂಟಿ ಸಾಲಿಸಿಟರ್ (ವಕೀಲರಿಲ್ಲದೆ ಬಂದವರಿಗೆ ಕೋರ್ಟಿನಲ್ಲೇ ನೆರವಾಗುವ ವಕೀಲರು) ಎಲ್ಲಿದ್ದಾರೆಂದು ವಿಚಾರಿಸಲಿ, ಕಾಗದಪತ್ರವೆಲ್ಲ ಕೈಯಲ್ಲಿರಲಿ.