ತೊಂದರೆ ಕೊಡದ ಸಂಗೀತ ಯಾರಿಗೆ ಬೇಕು?

ಓದುಗರ ಪತ್ರ: ಇತ್ತೀಚಿನ ಸೂಪರ್‌ಹೀರೋ ಸಿನಿಮಾಗಳು ಮೂಲ ಕಾಮಿಕ್ಸ್‌ಗೆ ನಿಷ್ಠವಾಗಿಲ್ಲ. ಬ್ಯಾಟ್‌ಮ್ಯಾನ್ ಮುಖವಾಡವೂ ಬದಲು, ಮೇಲಂಗಿಯ ಬಣ್ಣವೂ ಬದಲು, ಕಥೆಯೂ ಬದಲು. ಹಿನ್ನೆಲೆ ಸಂಗೀತದ ಬಗ್ಗೆ ಮಾತ್ರ ನನ್ನ ದೂರಿಲ್ಲ. ದೃಶ್ಯಕ್ಕೆ ತೊಂದರೆ ಕೊಡದೆ ತನ್ನ ಪಾಡಿಗೆ ತಾನಿರುತ್ತದೆ. ನೀವೇನಂತೀರಿ?

ಸಂಪಾದಕರ ಉತ್ತರ: ಚಿಕ್ಕಂದಿನಿಂದ ಪುಟಗಳಲ್ಲಿ ಕಂಡ ನಾಯಕ ಪರದೆಯ ಮೇಲೆ ಗುರುತೇ ಸಿಗದಿದ್ದರೆ ಅಭಿಮಾನಿಗೆ ಹೊಟ್ಟೆ ಉರಿಯುವುದು ನ್ಯಾಯವೇ. ಒಪ್ಪಿದೆ, ಅದು ಅಲ್ಲಿಗಿರಲಿ. ಮೇಲಂಗಿಯ ಬಣ್ಣಕ್ಕೆ ಅರ್ಧ ಪತ್ರ ಮೀಸಲಿಟ್ಟ ನೀವು ಸಂಗೀತಕ್ಕೆ ಒಂದೇ ಸಾಲು ಎಸೆದಿದ್ದೀರಿ. ಸಿಟ್ಟು ಬಂದದ್ದು ಆ ಸಾಲಿಗೆ.

'ಸೈಕೋ' (1960) ಚಿತ್ರದ ಸ್ನಾನದಮನೆ ಕೊಲೆಗೆ ಸಂಗೀತವೇ ಬೇಡ ಎಂದಿದ್ದರು ನಿರ್ದೇಶಕ ಹಿಚ್‌ಕಾಕ್. ಸಂಗೀತಗಾರ ಬರ್ನಾರ್ಡ್ ಹರ್ಮನ್ ಮಾತು ಕೇಳಲಿಲ್ಲ. ಬರೀ ತಂತಿವಾದ್ಯಗಳಿಗೆ ಬರೆದು ತಂದು ಕೇಳಿಸಿದರು, ಹಿಚ್‌ಕಾಕ್ ಸೋತರು. ಇವತ್ತು ಆ ಚಿತ್ರ ನೋಡದವರೂ ತಮಾಷೆಗೆ ಚಾಕು ಎತ್ತಿದಾಗ ಬಾಯಲ್ಲಿ ಆ ಪಿಟೀಲಿನ ಕಿರುಚನ್ನೇ ಹೊರಡಿಸುತ್ತಾರೆ. ಕಳೆದ ವಾರ ನೋಡಿದ ಸಿನಿಮಾದ ಹಿನ್ನೆಲೆ ಸಂಗೀತವನ್ನು ಒಮ್ಮೆ ಗುನುಗಿ ನೋಡಿ. ಬರುತ್ತದೆಯೇ?

ಬರುವುದಿಲ್ಲ, ಏಕೆಂದರೆ ಅದು ಹುಟ್ಟುವ ಮೊದಲೇ ಬೇರೊಂದು ಸಂಗೀತ ಅದರ ಜಾಗದಲ್ಲಿ ಕೂತಿರುತ್ತದೆ. ಟೆಂಪ್ ಟ್ರ್ಯಾಕ್ ಎನ್ನುತ್ತಾರೆ. ಸಂಕಲನದ ಹೊತ್ತಿಗೆ ಯಾವುದೋ ಹಳೆಯ ಚಿತ್ರದ ಸಂಗೀತ ಅಂಟಿಸಿಕೊಂಡು ಕೆಲಸ ಸಾಗಿಸುತ್ತಾರೆ. ವಾರಗಟ್ಟಲೆ ಕೇಳಿ ಕೇಳಿ ನಿರ್ದೇಶಕರ ಕಿವಿ ಅದಕ್ಕೆ ಒಗ್ಗಿಬಿಡುತ್ತದೆ. ಕಟ್ಟಕಡೆಗೆ ಬರುವ ಸಂಗೀತಗಾರನಿಗೆ, ದರ್ಜಿಗೆ ಅಳತೆ ಅಂಗಿ ಕೊಟ್ಟಂತೆ, 'ಇದರ ಹಾಗೇ ಇರಲಿ, ಆದರೆ ಇದೇ ಆಗಬಾರದು' ಎಂಬ ಅಪ್ಪಣೆ. ನಿರ್ದೇಶಕ ಕುಬ್ರಿಕ್‌ರ '2001: ಎ ಸ್ಪೇಸ್ ಒಡಿಸಿ' (1968) ಚಿತ್ರಕ್ಕೆ ಅಲೆಕ್ಸ್ ನಾರ್ತ್ ಬರೆದ ಸಂಗೀತ ಪೂರ್ತಿ ಮೂಲೆ ಸೇರಿತು, ತಾತ್ಕಾಲಿಕವಾಗಿ ಹಾಕಿದ್ದ ಶಾಸ್ತ್ರೀಯ ಕೃತಿಗಳೇ ಉಳಿದವು. ನಾರ್ತ್‌ಗೆ ಅದು ಗೊತ್ತಾದದ್ದು ಸಿನಿಮಾ ನೋಡಲು ಕೂತಾಗ! (ಚಿತ್ರಕ್ಕೇನೂ ನಷ್ಟವಾಗಲಿಲ್ಲ ಅಂತೀರಾ? ಕುಬ್ರಿಕ್ ಆದವರಿಗೆ ರಿಯಾಯಿತಿ ಉಂಟು.)

ಇದನ್ನು ತಿರುವುಮುರುವು ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ನಿಮ್ಮ ಕಾಮಿಕ್ಸ್ ಲೋಕದಲ್ಲೇ ಸಾಕ್ಷಿಯಿದೆ. 'ಜೋಕರ್' (2019) ಚಿತ್ರಕ್ಕೆ ಹಿಲ್ದುರ್ ಗುದ್ನಾದೋತ್ತಿರ್ ಚಿತ್ರೀಕರಣಕ್ಕೂ ಮುಂಚೆಯೇ, ಚಿತ್ರಕಥೆ ಓದಿಕೊಂಡು ಸಂಗೀತ ಬರೆಯತೊಡಗಿದರು. ಕೊಲೆ ಮಾಡಿ ಓಡಿಬಂದವನು ಕೊಳಕು ಶೌಚಾಲಯದ ಬಾಗಿಲು ಹಾಕಿಕೊಳ್ಳುತ್ತಾನೆ. ಅಲ್ಲಿ ಕುಣಿತವಿದೆಯೆಂದು ಚಿತ್ರಕಥೆಯಲ್ಲಿ ಇರಲೇ ಇಲ್ಲ. ನಿರ್ದೇಶಕರು ಗುದ್ನಾದೋತ್ತಿರ್ ಅವರ ಚೆಲ್ಲೋ (ಪಿಟೀಲಿನ ಜಾತಿಯ ದೊಡ್ಡ ತಂತಿವಾದ್ಯ) ಸಂಗೀತ ಹಾಕಿದರು. ಆ ಪಾತ್ರ ಮಾಡಿದ ನಟ ವಾಕಿನ್ ಫೀನಿಕ್ಸ್ ಅವರ ಪಾದ ಮೊದಲು ನೆಲದ ಮೇಲೆ ಜಾರಿತು, ಆಮೇಲೆ ತೋಳುಗಳು ನಿಧಾನಕ್ಕೆ ಬಿಚ್ಚಿಕೊಂಡವು. ಆ ಮನುಷ್ಯ ಜೋಕರ್ ಆಗುವುದು ಅಲ್ಲೇ. ತೊಂದರೆ ಕೊಡದ ಸಂಗೀತ ಆ ಕೆಲಸ ಮಾಡುತ್ತಿತ್ತೇ ಸ್ವಾಮಿ?

ಇನ್ನು ನಿಷ್ಠೆ. ಎಷ್ಟು ನಟರು, ಎಷ್ಟು ಉಡುಪು ಬದಲಾದರೂ 2025ರ 'ಸೂಪರ್‌ಮ್ಯಾನ್' ಜಾನ್ ವಿಲಿಯಮ್ಸ್ 1978ರ 'ಸೂಪರ್‌ಮ್ಯಾನ್'ಗೆ ಬರೆದ ಧಾಟಿಯನ್ನೇ ಮತ್ತೆ ಕರೆತಂದಿತು. ನೀವು ಹುಡುಕುತ್ತಿದ್ದ ನಿಷ್ಠೆ ಕಿವಿಯಲ್ಲಿತ್ತು, ಹುಡುಕಿದ್ದು ಉಡುಪಿನಲ್ಲಿ.

ಬ್ಯಾಟ್‌ಮ್ಯಾನ್ ಮುಖವಾಡದ ಬಗ್ಗೆ ಅಷ್ಟು ಬರೆದಿರಿ. 1939ರಲ್ಲಿ ಆ ವೇಷಕ್ಕೆ ರೂಪ ಕೊಟ್ಟವರಲ್ಲಿ ಕಾಮಿಕ್ಸ್ ಲೇಖಕ ಬಿಲ್ ಫಿಂಗರ್ ಒಬ್ಬರು. ಅವರು ತೀರಿಕೊಂಡದ್ದು 1974ರಲ್ಲಿ, ಸಹಸೃಷ್ಟಿಕರ್ತರೆಂದು ಅಧಿಕೃತವಾಗಿ ಹೆಸರು ಸಿಕ್ಕಿದ್ದು 2015ರಲ್ಲಿ. ಅಂಥವರ ಹೆಸರು ಈಗ ಪರದೆಗೆ ಬಂದರೂ ಓದುವವರಾರು? ಚಿತ್ರಮಂದಿರದಲ್ಲಿ ಕೊನೆಯ ಹೆಸರುಗಳು ಏಳುವ ಹೊತ್ತಿಗೆ ನಾವೂ ಎದ್ದಿರುತ್ತೇವೆ. ಕೂತರೂ ಅದು ಮುಂದಿನ ಚಿತ್ರದ ತುಣುಕಿಗಾಗಿ. ಮನೆಯಲ್ಲಿ ನೋಡೋಣವೆಂದರೆ ಸ್ಟ್ರೀಮಿಂಗ್ ಆ್ಯಪ್ ಹೆಸರುಗಳನ್ನೆಲ್ಲ ಮೂಲೆಯ ಚೌಕಕ್ಕೆ ಕುಗ್ಗಿಸಿ, ಇನ್ನೊಂದು ಸಿನಿಮಾ ಶುರುಮಾಡಲು ಎಣಿಕೆ ಹಾಕುತ್ತದೆ. ಆ ಎಣಿಕೆ ನಿಲ್ಲಿಸುವ ಗುಂಡಿಯೂ ಇದೆ. ಒತ್ತುವವರನ್ನು ನಾನಿನ್ನೂ ಕಂಡಿಲ್ಲ.

ನೀವು ಬುದ್ಧಿವಂತರು, ಪತ್ರವೇ ಹೇಳುತ್ತದೆ. ಮುಂದಿನ ಸಲ ಬರೆಯುವಾಗ ನಿಮ್ಮ ಮೆಚ್ಚಿನ ಮೂರು ಸಿನಿಮಾಗಳ ಸಂಗೀತಗಾರರ ಹೆಸರು ಸೇರಿಸಿ. ಗೂಗಲ್ ಮುಟ್ಟಬೇಡಿ.