‘ಎಂತಾ ಇಲ್ಲೆ’ ಅನ್ನುವ ತಮ್ಮನ ಹತ್ತಿರ ಮಾತು ತೆಗೆಯುವುದು ಹೇಗೆ?

ಬೆಂಗಳೂರಿನ ಕೆಲಸ ಬಿಟ್ಟು ಶಿರಸಿ ಹತ್ತಿರದ ಮನೆಗೆ ಬಂದ ತಮ್ಮ ತಿಂಗಳಿಂದ ಕೋಣೆ ಬಿಟ್ಟು ಏಳುತ್ತಿಲ್ಲ, ಊಟ ಅರ್ಧಕ್ಕೇ ಬಿಡುತ್ತಾನೆ, ಕೇಳಿದರೆ ‘ಎಂತಾ ಇಲ್ಲೆ’ ಅನ್ನುತ್ತಾನೆ, ಅಮ್ಮ ದೇವರ ಹತ್ತಿರ ಕೇಳಿಸೋಣ ಅನ್ನುತ್ತಿದ್ದಾರೆ ಎಂದು ಬರೆದಿದ್ದೀರಿ.

‘ಯಾಕೆ ಹೀಗಿದ್ದೀಯ’ ಅನ್ನುವುದನ್ನು ಮೊದಲು ಬಿಡಿ. ಖಿನ್ನತೆಯಲ್ಲಿದ್ದವರಿಗೆ ಎಷ್ಟೋ ಸಲ ಕಾರಣ ತಮಗೇ ತಿಳಿದಿರುವುದಿಲ್ಲ. ಉತ್ತರ ಸಿಗದೆ ‘ಏನಿಲ್ಲ’ ಅಂದುಬಿಡುತ್ತಾರೆ. ಅದರ ಬದಲು ನೀವು ಕಂಡದ್ದನ್ನು ಹೇಳಿ: ‘ರಾತ್ರಿ ಎರಡು ಗಂಟೆಗೂ ನಿನ್ನ ಕೋಣೆಯಲ್ಲಿ ಲೈಟ್ ಇತ್ತು. ನಿದ್ದೆ ಬರ್ತಾ ಇಲ್ವಾ?’ ಮನಸ್ಸಿನ ಬಗ್ಗೆ ಬಾಯಿಬಿಡದವರೂ ನಿದ್ದೆ, ಹಸಿವು, ಸುಸ್ತಿನ ಬಗ್ಗೆ ಹೇಳುತ್ತಾರೆ.

ನೆಂಟರೆದುರು ಕೇಳಬೇಡಿ, ಎದುರಿಗೆ ಕೂರಿಸಿ ವಿಚಾರಣೆಯೂ ಬೇಡ. ಅಂಗಳದಲ್ಲಿ ಚಾಲಿ ಅಡಿಕೆ ಆರಿಸುತ್ತ ಅಕ್ಕಪಕ್ಕ ಕೂತಾಗ ಕಣ್ಣು ಕೈಯ ಮೇಲಿರುತ್ತದೆ, ನಡುವೆ ಮಾತು ನಿಂತರೂ ಮುಜುಗರ ಆಗುವುದಿಲ್ಲ. ಒಂದು ಪ್ರಶ್ನೆ ಕೇಳಿ ಸುಮ್ಮನಿರಿ. ಆ ಅರ್ಧ ನಿಮಿಷ ತಡೆಯಲಾಗದೆ ನಾವೇ ‘ಮನಸ್ಸಿಗೆ ಹಚ್ಕೋಬೇಡ’, ‘ನಿನಗೆ ಏನು ಕಮ್ಮಿ’ ಅಂದುಬಿಡುತ್ತೇವೆ, ಮಾತು ಅಲ್ಲಿಗೇ ಕಡಿದುಹೋಗುತ್ತದೆ. ಅವನು ‘ಯಾವುದೂ ಬೇಡ ಅನ್ನಿಸ್ತದೆ’ ಅಂದರೆ ಅವನ ಮಾತನ್ನೇ ಹಿಡಿದು ‘ಯಾವುದೂ ಬೇಡ ಅಂದರೆ?’ ಎಂದು ಕೇಳಿ.

ಅಲ್ಲಿಂದ ಮುಂದೆ ಒಂದು ಪ್ರಶ್ನೆಯನ್ನು ಸುತ್ತುಬಳಸದೆ ಕೇಳಲೇಬೇಕು: ‘ಸಾಯಬೇಕು ಅಂತ ಅನ್ನಿಸ್ತದಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುತ್ತದೆ ಎಂಬ ಹೆದರಿಕೆ ಬೇಡ, ಹಾಗಾಗುವುದಿಲ್ಲ. ಒಳಗೇ ಇಟ್ಟುಕೊಂಡವರಿಗೆ ಹೇಳಿಕೊಳ್ಳಲು ದಾರಿ ಸಿಗುತ್ತದೆ. ‘ಹೌದು’ ಅಂದರೆ ಬೈಯಬೇಡಿ, ಆಣೆ ಹಾಕಿಸಬೇಡಿ. ಹೇಗೆ, ಯಾವಾಗ ಎಂದೆಲ್ಲ ಯೋಚಿಸಿದ್ದಾನಾ ಕೇಳಿ. ಯೋಚಿಸಿದ್ದರೆ ಒಬ್ಬನೇ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ‘ಯಾರಿಗೂ ಹೇಳಬೇಡ’ ಅಂದರೆ ಮಾತು ಕೊಡಬೇಡಿ. ‘ಊರಿಗೆ ಹೇಳೂದಿಲ್ಲ, ಡಾಕ್ಟರಿಗೆ ಹೇಳ್ತೇನೆ’ ಅನ್ನಿ. ಅವನ ಉತ್ತರ ಏನೇ ಇರಲಿ, ತೋಟಕ್ಕೆ ಹೊಡೆಯುವ ಕೀಟನಾಶಕ, ಕಳೆನಾಶಕದಂಥ ವಿಷದ ಔಷಧಿಗಳನ್ನು ಇವತ್ತೇ ಬೀಗದಲ್ಲಿಡಿ ಅಥವಾ ಬೇರೆ ಮನೆಗೆ ಸಾಗಿಸಿ. ಸಾಯಬೇಕು ಅನ್ನಿಸುವ ಆ ಗಳಿಗೆ ದಾಟಿಸುವುದರಲ್ಲೇ ಎಷ್ಟೋ ಜೀವ ಉಳಿಯುತ್ತದೆ.

ಬೇಸರ, ನಿರಾಸಕ್ತಿ ಎರಡು ವಾರ ದಾಟಿದರೆ ಡಾಕ್ಟರಿಗೆ ತೋರಿಸಬೇಕು, ನಿಮ್ಮ ತಮ್ಮನದು ಆಗಲೇ ದಾಟಿದೆ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ‘ಮನೋಚೈತನ್ಯ’ ಎಂಬ ಮಾನಸಿಕ ಆರೋಗ್ಯದ ಕ್ಲಿನಿಕ್ ನಡೆಯುತ್ತದೆ. ಯಾವ ಮಂಗಳವಾರ ಎಂದು ಮೊದಲೇ ಫೋನ್ ಮಾಡಿ ವಿಚಾರಿಸಿಕೊಳ್ಳಿ. ದೊಡ್ಡ ಆಸ್ಪತ್ರೆ ಬೇಕಾದರೆ ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಥೈರಾಯ್ಡ್ ಕಮ್ಮಿಯಾದರೂ ಇದೇ ಥರದ ಸುಸ್ತು, ಮಂಕು ಬರುತ್ತದೆ, ಹಾಗಾಗಿ ರಕ್ತಪರೀಕ್ಷೆಯ ವಿಷಯವನ್ನೂ ಕೇಳಿ. ‘ಹುಚ್ಚಿನ ಡಾಕ್ಟರ್’ ಎಂಬ ಮಾತಿಗೆ ಅವನು ಹೆದರಿದರೆ ‘ನಿದ್ದೆ ಬಾರದ್ದಕ್ಕೆ ತೋರಿಸಿ ಬರೋಣ’ ಅನ್ನಿ, ಅದು ಸುಳ್ಳೂ ಅಲ್ಲ.

ಮಾತ್ರೆ ಕೊಟ್ಟರೆ ಚಿಕಿತ್ಸೆ ದಾರಿ ತಪ್ಪುವುದು ಹೆಚ್ಚಾಗಿ ಮೊದಲ ವಾರಗಳಲ್ಲೇ. ಹೊಟ್ಟೆ ತೊಳಸುವುದು ಕೂಡಲೇ ಶುರುವಾಗಬಹುದು, ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ‘ಇದರಿಂದ ಏನೂ ಆಗಲಿಲ್ಲ’ ಎಂದು ಮನೆಯವರೇ ನಿಲ್ಲಿಸಿಬಿಡುತ್ತಾರೆ. ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಬೇಕು, ನಿಲ್ಲಿಸುವುದನ್ನು ಡಾಕ್ಟರೇ ಹಂತಹಂತವಾಗಿ ಮಾಡಬೇಕು. ಮೊದಲ ವಾರಗಳಲ್ಲಿ ಚಡಪಡಿಕೆ ಹೆಚ್ಚಿದರೆ ಕಾಯದೆ ತಿಳಿಸಿ.

ಅಮ್ಮನ ಜೊತೆ ಜಗಳ ಬೇಡ. ದೇವರ ಹತ್ತಿರ ಕೇಳಿಸಲಿ, ಆದರೆ ಅದಕ್ಕಾಗಿ ಆಸ್ಪತ್ರೆಯ ದಿನ ಮುಂದೆ ಹೋಗಬಾರದು, ಇಷ್ಟು ಮಾತ್ರ ಗಟ್ಟಿಯಾಗಿ ಹೇಳಿ.

ಅವನು ಯಾವುದಕ್ಕೂ ಒಪ್ಪದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್‌ಗೆ ನೀವೇ ಫೋನ್ ಮಾಡಿ, ನಂಬರ್ 14416. 2022ರಲ್ಲಿ ಶುರುವಾದ ಸರಕಾರಿ ಸೇವೆ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನೆಯವರೂ ಕೇಳಬಹುದು. ಎಷ್ಟು ದಿನದಿಂದ, ನಿದ್ದೆ ಎಷ್ಟು, ಊಟ ಎಷ್ಟು, ಸಾವಿನ ಮಾತು ಆಡಿದ್ದಾನಾ ಎಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಫೋನ್ ಹಚ್ಚಿ.